ವಾದ್ಯದ ಶ್ರುತಿಯೂ ಬಾಲಿಕೆಯರ ಕಂಠವೂ

ಕಾಲಿನಿಂದ ತಿದಿಯೊತ್ತಿ ನುಡಿಸುವ ಆರ್ಗನ್ನನ್ನೂ ಕೈಯಿಂದ ಗಾಳಿ ಹಾಕುವ ಹಾರ್ಮೋನಿಯಂ ಪೆಟ್ಟಿಗೆಯನ್ನೂ ಬಲ್ಲ ಪೂರ್ವ ವಿದ್ಯಾರ್ಥಿನಿಯರು ಇಂದು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದರೆ, ವೇದಿಕೆಯ ಒಂದು ಬದಿಯಲ್ಲಿ ಬೇರೊಂದು ವಾದ್ಯವನ್ನು ಕಾಣುವರು. ಅದಕ್ಕೆ ತಿದಿಯಿಲ್ಲ, ರೀಡುಗಳಿಲ್ಲ, ತಂತಿಗಳೂ ಇಲ್ಲ. ಕಬ್ಬಿಣದ ಕಾಲುಗಳ ಮೇಲೆ ಅಡ್ಡಲಾಗಿ ನಿಂತು ವಿದ್ಯುಚ್ಛಕ್ತಿಯಿಂದ ನುಡಿಯುವ ಈ ಎಲೆಕ್ಟ್ರಾನಿಕ್ ಕೀಬೋರ್ಡು ಪಿಯಾನೋವಿನಂತೆಯೂ ಪಿಟೀಲಿನಂತೆಯೂ ಕೊಳಲಿನಂತೆಯೂ ಧ್ವನಿಗೈಯಬಲ್ಲುದು. ಅದರ ಮುಖದ ಮೇಲೆ ಹತ್ತಾರು ಗುಂಡಿಗಳಿರುವುವು. ಅವುಗಳಲ್ಲಿ ಕೆಲವು ಶ್ರುತಿಯನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ಇರತಕ್ಕವು. ಕೆಲವು ಧ್ವನಿಗೆ ಮಾರ್ದನಿ ಮೊದಲಾದ ಅಲಂಕಾರಗಳನ್ನು ಕೂಡಿಸತಕ್ಕವು. ಈ ಎರಡು ಬಗೆಯ ಗುಂಡಿಗಳನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಇಷ್ಟು ಅಲ್ಪವಾದ ವಿಷಯಕ್ಕೆ ಸ್ಮರಣ ಸಂಚಿಕೆಯ ಪುಟಗಳು ಯಾಕೆಂದು ಕೆಲವರು ಕೇಳಬಹುದು. ಆದರೆ ಯೋಚಿಸಿ ನೋಡಿರಿ. ನಮ್ಮ ನಾಡಿನಲ್ಲಿ ಎಷ್ಟು ಮಂದಿ ಹೆಂಗಸರು, ಒಂದು ಹಾಡನ್ನು ಹೇಳಿರೆಂದು ಕೇಳಿದ ಕೂಡಲೇ, “ನನಗೆ ಸ್ವರವಿಲ್ಲ” ಎಂದು ಹಿಂಜರಿಯುತ್ತಾರೆ! ಈ ತೀರ್ಮಾನವನ್ನು ಅವರು ಹುಟ್ಟಿನೊಂದಿಗೆ ತಂದವರಲ್ಲ. ಹನ್ನೆರಡು ಹದಿಮೂರು ವರ್ಷದ ಪ್ರಾಯದಲ್ಲಿ, ಬಹಳ ಮಟ್ಟಿಗೆ ಶಾಲೆಯಲ್ಲಿಯೇ, ಕಲಿತವರು. ತಮ್ಮ ಕಂಠಕ್ಕೆ ನಿಲುಕದ ಎತ್ತರದಲ್ಲಿ ಹಾಡನ್ನು ಎತ್ತಿಕೊಟ್ಟದ್ದರಿಂದ ದನಿ ಒಡೆದು, ಪಕ್ಕದವರು ನಕ್ಕು, ಸಾಲಿನಿಂದ ಹೊರಗೆ ನಿಂತವರು ಅವರಲ್ಲಿ ಅನೇಕರು. ಕುಂದು ಕಂಠದಲ್ಲಿ ಇರಲಿಲ್ಲ, ಶ್ರುತಿಯನ್ನು ಇಟ್ಟ ಸ್ಥಾನದಲ್ಲಿತ್ತು. ವಾದ್ಯವು ಕಂಠಕ್ಕೆ ಸೇವಕನೇ ಹೊರತು ಯಜಮಾನನಲ್ಲ; ಆದುದರಿಂದ ಶ್ರುತಿಯನ್ನು ಹಾಡುವ ಬಾಲಿಕೆಯರ ಕಂಠವನ್ನು ನೋಡಿ ಇಡತಕ್ಕದ್ದು ಎಂಬುದೇ ನಮ್ಮ ಅಭಿಪ್ರಾಯ. ಉಳಿದ ಮಾತುಗಳೆಲ್ಲವೂ ಇದರಿಂದಲೇ ಹೊರಡುವುವು.

ಮೊದಲನೆಯದಾಗಿ, ಶ್ರುತಿಯ ಎತ್ತರವೆಂಬುದು ಪ್ರಕೃತಿ ವಿಧಿಸಿದ ಕಟ್ಟಳೆಯಲ್ಲ, ಮನುಷ್ಯರು ಸೇರಿ ಮಾಡಿಕೊಂಡ ಒಪ್ಪಂದವೆಂಬುದನ್ನು ತಿಳಿಯಬೇಕು. ಯೂರೋಪಿನಲ್ಲಿ ಒಂದೊಂದು ಊರಿಗೆ ಒಂದೊಂದು ಶ್ರುತಿ ಇದ್ದ ಕಾಲವುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯಗೋಷ್ಠಿಗಳ ಶ್ರುತಿಯು ಏರುತ್ತಲೇ ಹೋಗಿ ಗಾಯಕರಿಗೆ ಕಷ್ಟವಾಗತೊಡಗಿತು. ೧೮೫೯ರಲ್ಲಿ ಫ್ರಾನ್ಸಿನ ಸರಕಾರವು ‘ಎ’ ಎಂಬ ಸ್ವರಕ್ಕೆ ಸೆಕೆಂಡಿಗೆ ೪೩೫ ಕಂಪನಗಳೆಂದು ನಿಯಮ ಮಾಡಿತು. ೧೯೩೯ರಲ್ಲಿ ಲಂಡನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಸಮ್ಮೇಳನವು ೪೪೦ ಕಂಪನಗಳನ್ನು ಶಿಫಾರಸು ಮಾಡಿತು; ೧೯೫೫ರಲ್ಲಿಯೂ ಮತ್ತೆ ೧೯೭೫ರಲ್ಲಿಯೂ ಪ್ರಮಾಣಗಳ ಅಂತರರಾಷ್ಟ್ರೀಯ ಸಂಸ್ಥೆಯು ಅದನ್ನೇ ಸ್ಥಿರಪಡಿಸಿತು. ಇಂದಿನ ಕೀಬೋರ್ಡುಗಳು ಸಾಮಾನ್ಯವಾಗಿ ಈ ೪೪೦ರ ಲೆಕ್ಕದಲ್ಲಿಯೇ ಅಂಗಡಿಯಿಂದ ಬರುವುವು. ನಮ್ಮ ದೇಶದ ಪದ್ಧತಿಯಾದರೋ ಮೊದಲಿನಿಂದಲೂ ಬೇರೆ. ಇಲ್ಲಿ ಷಡ್ಜಕ್ಕೆ ನಿಶ್ಚಿತವಾದ ಸ್ಥಾನವಿಲ್ಲ. ಹಾಡುವವರ ಕಂಠವೆಲ್ಲಿಯೋ ಷಡ್ಜವೂ ಅಲ್ಲಿಯೇ. ತಂಬೂರಿಯನ್ನು ಗಾಯಕಿಗೆ ತಕ್ಕಂತೆ ಬಿಗಿಯುವರಲ್ಲದೆ ಗಾಯಕಿಯನ್ನು ತಂಬೂರಿಗೆ ತಕ್ಕಂತೆ ಬಿಗಿಯುವುದಿಲ್ಲ.

ಈ ಹಳೆಯ ವಿವೇಕವನ್ನು ನಡೆಸುವುದಕ್ಕೆ ಹೊಸ ವಾದ್ಯವು ಒಳ್ಳೆಯ ಉಪಾಯವನ್ನು ಕೊಟ್ಟಿದೆ. ಅದಕ್ಕೆ ಟ್ರಾನ್ಸ್‌ಪೋಸ್ ಎಂದು ಹೆಸರು. ಒಂದು ಸಪ್ತಕದಲ್ಲಿ ಬಿಳಿ ಕರಿ ಮನೆಗಳು ಕೂಡಿ ಹನ್ನೆರಡು. ಒಂದು ಮನೆಯಿಂದ ಮುಂದಿನ ಮನೆಗೆ ಇರುವ ಅಂತರವು ಒಂದು ಅರ್ಧಸ್ವರ. ಈ ಗುಂಡಿಯನ್ನು ಒಮ್ಮೆ ಒತ್ತಿದರೆ ವಾದ್ಯವೆಲ್ಲವೂ ಒಂದು ಅರ್ಧಸ್ವರದಷ್ಟು ಏರುವುದು ಅಥವಾ ಇಳಿಯುವುದು. ನುಡಿಸುವವಳು ತಾನು ಅಭ್ಯಾಸ ಮಾಡಿದ ಮನೆಗಳ ಮೇಲೆಯೇ ಬೆರಳಿಟ್ಟರೂ ಕೇಳುವ ಸ್ವರವು ಬೇರೆಯಾಗುವುದು. ಹಾರ್ಮೋನಿಯಂ ಬಲ್ಲವರಿಗೆ ಇದು ಹೊಸದಲ್ಲ. ಸ್ಕೇಲ್ ಚೇಂಜರ್ ಎಂಬ ಪೆಟ್ಟಿಗೆಯಲ್ಲಿ ಮನೆಗಳ ಹಲಗೆಯನ್ನೇ ಪಕ್ಕಕ್ಕೆ ಸರಿಸಿ ಇದೇ ಕೆಲಸವನ್ನು ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಹಲಗೆಯನ್ನು ಸರಿಸುವುದಕ್ಕೆ ಬದಲಾಗಿ ಇಲ್ಲಿ ಗುಂಡಿಯೊತ್ತಿದರಾಯಿತು, ಅಷ್ಟೇ.

ಎಲ್ಲರೂ ಬಲ್ಲ ರಾಷ್ಟ್ರಗೀತೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ೧೯೫೦ನೆಯ ಇಸವಿ ಜನವರಿ ೨೪ರಂದು ಅಂಗೀಕೃತವಾದ ಈ ಗೀತೆಯ ಧಾಟಿಯು ಮಂದ್ರ ನಿಷಾದದಿಂದ ತಾರ ಷಡ್ಜದ ವರೆಗೆ, ಎಂದರೆ ಹದಿಮೂರು ಅರ್ಧಸ್ವರಗಳಷ್ಟು, ಹರಡಿದೆ. ಅದರ ಅತ್ಯಂತ ಎತ್ತರದ ಸ್ವರವು ಕಡೆಯ ಜಯಕಾರದಲ್ಲಿಯೇ ಬರುವುದು. ವಾದ್ಯ ನುಡಿಸುವವರು ನಡುವಣ ಸಪ್ತಕದ ನಾಲ್ಕನೆಯ ಬಿಳಿ ಮನೆಯಲ್ಲಿ ಷಡ್ಜವನ್ನಿಟ್ಟು ಪ್ರಾರಂಭಿಸಿದರೆಂದು ತಿಳಿಯಿರಿ. ಆರಂಭದ ಸಾಲುಗಳು ಸುಖವಾಗಿ ಸಾಗುವುವು. ಜಯಕಾರವು ಬರುತ್ತಲೇ ಸ್ವರವು ಸೆಕೆಂಡಿಗೆ ಸುಮಾರು ೬೯೮ ಕಂಪನಗಳಿಗೆ ಏರುವುದು. ಆಗ ಮುಂದಿನ ಸಾಲಿನ ನಾಲ್ಕು ಜನ ಕಿರುಚುವರು, ಹಿಂದಿನ ಸಾಲು ಬಾಯಿ ಮಾತ್ರ ಆಡಿಸುವುದು. ದೇಶದ ಜಯವನ್ನು ಹಾರೈಸತಕ್ಕ ಗಳಿಗೆಯಲ್ಲಿಯೇ ಶಾಲೆಯ ಅರ್ಧ ಭಾಗವು ಮೌನವಾಗಿರುವುದು! ಟ್ರಾನ್ಸ್‌ಪೋಸ್ ಗುಂಡಿಯನ್ನು ಐದು ಸಲ ಕೆಳಕ್ಕೆ ಒತ್ತಿದರೆ ಷಡ್ಜವು ಒಂದನೆಯ ಬಿಳಿ ಮನೆಗೆ ಬರುವುದು, ಜಯಕಾರದ ಸ್ವರವು ೫೨೩ ಕಂಪನಗಳಲ್ಲಿಯೇ ನಿಲ್ಲುವುದು. ಮೂರು ಸಲ ಒತ್ತಿದರೆ ಎರಡನೆಯ ಬಿಳಿ ಮನೆ. ಈ ಎರಡರ ನಡುವೆ ಎಲ್ಲಿಟ್ಟರೂ ಬಹುಪಾಲು ಹುಡುಗಿಯರು ಮೊದಲಿನಿಂದ ಕಡೆಯ ವರೆಗೆ ಆಯಾಸವಿಲ್ಲದೆ ಹಾಡಬಲ್ಲರು. ಇದಕ್ಕೆ ಬೇಕಾದದ್ದು ಒಂದು ಕ್ಷಣದ ಕೆಲಸ ಮಾತ್ರ.

ಹುಡುಗರಿಗೆ ದನಿ ಒಡೆಯುವುದೆಂಬುದನ್ನು ಎಲ್ಲರೂ ಬಲ್ಲರು. ಹುಡುಗಿಯರ ಕಂಠವೂ ಆ ಪ್ರಾಯದಲ್ಲಿ ಮಾರ್ಪಡುವುದೆಂಬುದನ್ನು ಬಲ್ಲವರು ಕಡಿಮೆ. ಹನ್ನೊಂದರಿಂದ ಹದಿನೈದು ವರ್ಷಗಳೊಳಗೆ ಬಾಲಿಕೆಯ ಧ್ವನಿಪೆಟ್ಟಿಗೆಯೂ ಬೆಳೆಯುವುದು. ಹುಡುಗನ ಧ್ವನಿಯು ಸುಮಾರು ಒಂದು ಸಪ್ತಕದಷ್ಟು ಇಳಿದರೆ, ಅವಳದು ಎರಡು ಮೂರು ಅರ್ಧಸ್ವರಗಳಷ್ಟು ಇಳಿಯುವುದು. ಕೆಲವು ಕಾಲ ಧ್ವನಿತಂತುಗಳು ಪೂರ್ಣವಾಗಿ ಕೂಡದೆ ಸ್ವರದಲ್ಲಿ ಗಾಳಿ ಬೆರೆತಂತೆ ಕೇಳುವುದು. ನಡುನಡುವೆ ಸ್ವರವು ತಪ್ಪುವುದೂ ಉಂಟು. ಇದು ರೋಗವಲ್ಲ, ಅಪಸ್ವರವೂ ಅಲ್ಲ, ಬೆಳವಣಿಗೆ. ಏಳನೆಯ ತರಗತಿಯಲ್ಲಿ ಮೇಲಿನ ಸ್ವರಗಳನ್ನು ಲೀಲೆಯಿಂದ ಹಾಡುತ್ತಿದ್ದ ಹುಡುಗಿಯು ಒಂಬತ್ತನೆಯ ತರಗತಿಯಲ್ಲಿ ತಡವರಿಸಿದರೆ, “ಇವಳ ದನಿ ಕೆಟ್ಟಿತು” ಎನ್ನುವುದು ಅಜ್ಞಾನ. ಆ ವರ್ಷ ಅವಳಿಗೆ ಬೇಕಾದದ್ದು ಎರಡು ಮನೆ ಇಳಿಸಿದ ಶ್ರುತಿಯೂ ಸ್ವಲ್ಪ ತಾಳ್ಮೆಯೂ.

ಇನ್ನು ಸ್ವಭಾವದಿಂದಲೇ ತಗ್ಗು ಕಂಠವುಳ್ಳ ಹುಡುಗಿಯರ ಮಾತು. ಅವರನ್ನು “ಗಂಡು ದನಿ” ಎಂದು ಹಾಸ್ಯ ಮಾಡುವ ದುರಭ್ಯಾಸವು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲರನ್ನು (೧೯೧೩–೨೦೦೯) ಇಲ್ಲಿ ಸ್ಮರಿಸತಕ್ಕದ್ದು. ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಕಂಠವು ದಪ್ಪವಾಗಿ ತಗ್ಗಿತು. ಅವರು ಹಾಡುವುದನ್ನು ಬಿಡಲಿಲ್ಲ, ಹಳೆಯ ಎತ್ತರಕ್ಕಾಗಿ ಹೆಣಗಲೂ ಇಲ್ಲ. ಬಂದ ಕಂಠಕ್ಕೆ ತಕ್ಕ ಶ್ರುತಿಯಲ್ಲಿ ನಿಂತು ಆ ಗಂಭೀರವಾದ ದನಿಯಿಂದಲೇ ಹಿಂದೂಸ್ತಾನಿ ಸಂಗೀತದಲ್ಲಿ ದೇಶವೇ ಗೌರವಿಸುವಂಥ ಪದವಿಗೆ ಏರಿದರು. ೨೦೦೨ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯು ಬಂದಿತು. ಅವರಿಗೆ ಯಾರಾದರೂ “ಹೆಂಗಸರ ಶ್ರುತಿ ಇಂಥದ್ದೇ” ಎಂದು ಕಟ್ಟಳೆ ಮಾಡಿ ಹಾಡಿಸಿದ್ದರೆ ಕರ್ನಾಟಕವು ಏನನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು ವಾಚಕರೇ ಊಹಿಸಲಿ.

ಹಾಗಾದರೆ ಶ್ರುತಿಯನ್ನು ಇಡುವ ಕ್ರಮವೇನು? ಹಾಡಿನ ಅತ್ಯಂತ ಎತ್ತರದ ಸ್ವರವನ್ನೂ ಅತ್ಯಂತ ತಗ್ಗಿನ ಸ್ವರವನ್ನೂ ಮೊದಲು ಗುರುತಿಸಬೇಕು. ಆ ಎರಡು ಸ್ವರಗಳಿರುವ ಸಾಲುಗಳನ್ನು ಮಾತ್ರ ಹುಡುಗಿಯರಿಂದ ಹಾಡಿಸಬೇಕು. ಹಾಡಿಸುವಾಗ ಮುಂದೆ ನಿಂತಿರುವ ಚತುರೆಯರನ್ನಲ್ಲ, ಹಿಂದಿನ ಸಾಲಿನ ಸಾಮಾನ್ಯ ಕಂಠದವರನ್ನು ಕಿವಿಗೊಟ್ಟು ಕೇಳಬೇಕು. ಮೇಲಿನ ಸ್ವರದಲ್ಲಿ ಕೊರಳ ನರ ಬಿಗಿದು ಗದ್ದ ಮೇಲಕ್ಕೇರಿದರೆ ಶ್ರುತಿಯನ್ನು ಇಳಿಸಬೇಕು. ಕೆಳಗಿನ ಸ್ವರದಲ್ಲಿ ಪದಗಳೇ ಕೇಳಿಸದಿದ್ದರೆ ಏರಿಸಬೇಕು. ಗೊತ್ತಾದ ಅಂಕವನ್ನು ಹಾಡಿನ ಹಾಳೆಯ ತಲೆಯಲ್ಲಿ ಬರೆದಿಡತಕ್ಕದ್ದು. ಒಂದು ಹಾಡು ಮುಗಿದ ಕೂಡಲೇ ಗುಂಡಿಯನ್ನು ಸೊನ್ನೆಗೆ ತರುವುದನ್ನು ಮರೆಯಬಾರದು; ಹಿಂದಿನ ಹಾಡಿನ ಅಂಕವು ಉಳಿದುಬಿಟ್ಟರೆ ಮುಂದಿನ ಹಾಡಿನಲ್ಲಿ ಪಿಟೀಲು ಒಂದು ಶ್ರುತಿ, ಕೀಬೋರ್ಡು ಒಂದು ಶ್ರುತಿಯಾಗಿ ಸಭೆಯ ಮುಂದೆ ಅವಮಾನವಾಗುವುದು. “ಐದನೆಯ ಮನೆ” ಎಂದು ಯಾರಾದರೂ ಹೇಳಿದಾಗ ಯಾವ ಸಪ್ತಕದ ಐದೆಂಬುದನ್ನೂ ಕೇಳಬೇಕು. ಶಾಸ್ತ್ರೀಯ ಗಾಯಕಿಯರು ಹೇಳುವ ಐದು ನಡುವಣ ಸಪ್ತಕಕ್ಕಿಂತ ಕೆಳಗಿನದು; ಅದನ್ನು ಮೇಲಿನದೆಂದು ತಿಳಿದರೆ ಒಂದು ಪೂರ್ಣ ಸಪ್ತಕದ ವ್ಯತ್ಯಾಸವಾಗುವುದು.

ಇದಲ್ಲದೆ ಸೂಕ್ಷ್ಮ ಶ್ರುತಿಯ ಏರ್ಪಾಡೊಂದುಂಟು. ಒಂದು ಅರ್ಧಸ್ವರವನ್ನು ನೂರು ಭಾಗ ಮಾಡಿ ಒಂದೊಂದನ್ನು ಸೆಂಟ್ ಎಂದು ಕರೆಯುತ್ತಾರೆ. ಬಿದಿರಿನ ಕೊಳಲನ್ನು ಬಿಗಿಯಲೂ ಸಡಿಲಿಸಲೂ ಆಗದು. ಊದುತ್ತಾ ಬಿಸಿಯಾದಂತೆ ಅದರ ಶ್ರುತಿಯು ತುಸು ಏರುವುದು. ಹಳೆಯ ಹಾರ್ಮೋನಿಯಂ ರೀಡುಗಳದೂ ತಮ್ಮದೇ ಆದ ಹಟ. ಹಾರ್ಮೋನಿಯಂ ೪೪೪ ಕಂಪನಗಳಲ್ಲಿಯೂ ಕೀಬೋರ್ಡು ೪೪೦ ಕಂಪನಗಳಲ್ಲಿಯೂ ಒಂದೇ ಸ್ವರವನ್ನು ನುಡಿದರೆ ಸೆಕೆಂಡಿಗೆ ನಾಲ್ಕು ಬಾರಿ ಧ್ವನಿಯು ಅಲುಗಾಡಿದಂತೆ ಕೇಳುವುದು. ಬದಲಾಗಬಲ್ಲ ವಾದ್ಯವು ಬದಲಾಗಲಾರದ ವಾದ್ಯಕ್ಕೆ ಹೊಂದಿಕೊಳ್ಳುವುದೇ ನ್ಯಾಯ. ಕೀಬೋರ್ಡಿನ ಸೂಕ್ಷ್ಮ ಶ್ರುತಿಯನ್ನು ಆ ಅಲುಗಾಟವು ನಿಲ್ಲುವ ತನಕ ತಿದ್ದಿದರೆ ಎಲ್ಲವೂ ಒಂದಾಗುವುವು.

ಈ ಗುಂಡಿಯ ವಿಷಯದಲ್ಲಿ ಎರಡು ಆಕ್ಷೇಪಣೆಗಳನ್ನು ಕೇಳುತ್ತೇವೆ. ಇದರಿಂದ ನುಡಿಸುವವರು ಸೋಮಾರಿಗಳಾಗುವರು, ಹನ್ನೆರಡು ಮನೆಗಳಿಂದಲೂ ನುಡಿಸುವ ವಿದ್ಯೆಯನ್ನು ಕಲಿಯರು ಎಂಬುದು ಒಂದು. ಇದರಲ್ಲಿ ಸತ್ಯವಿದೆ. ಅಭ್ಯಾಸದ ಕೋಣೆಯಲ್ಲಿ ಗುಂಡಿಯನ್ನು ಮುಟ್ಟದೆ ಎಲ್ಲ ಮನೆಗಳಿಂದಲೂ ಸಾಧನೆ ಮಾಡಲಿ. ಅದನ್ನು ನಾವೂ ಹೇಳುತ್ತೇವೆ. ಆದರೆ ನುಡಿಸುವ ಒಬ್ಬಳ ವಿದ್ಯೆಯು ಪೂರ್ಣವಾಗುವ ತನಕ ಹಾಡುವ ನಲವತ್ತು ಜನರ ಕಂಠವು ನರಳಬೇಕೆಂಬುದು ನ್ಯಾಯವಲ್ಲ. ಗಟ್ಟಿಯಾದ ಸ್ವರಸ್ಥಾನಗಳುಳ್ಳ ಪರದೇಶದ ಪೆಟ್ಟಿಗೆಯು ನಮ್ಮ ಸಂಗೀತದ ಗಮಕವನ್ನು ಕೆಡಿಸುವುದೆಂಬುದು ಎರಡನೆಯದು. ಇದೇ ಆಕ್ಷೇಪಣೆಯು ಹಿಂದೆ ಹಾರ್ಮೋನಿಯಮ್ಮಿನ ಮೇಲೆಯೂ ಇದ್ದಿತು. ೧೯೪೦ರಲ್ಲಿ ರೇಡಿಯೋ ಇಲಾಖೆಯು ಅದನ್ನು ನಿಷೇಧಿಸಿ, ೧೯೭೧ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಕೀಬೋರ್ಡಿನ ಎಡಬದಿಯಲ್ಲಿ ಸ್ವರವನ್ನು ಜಾರಿಸುವ ಚಕ್ರವೊಂದಿರುವುದು. ಬಲ್ಲವರು ಅದರಿಂದ ಗಮಕಗಳನ್ನೂ ತೆಗೆಯುತ್ತಾರೆ. ಆದರೆ ಶಾಲೆಯ ಮೇಳಕ್ಕೆ ಇಷ್ಟರ ಅವಶ್ಯಕತೆಯಿಲ್ಲ. ವಾದ್ಯವು ಶ್ರುತಿಯನ್ನೂ ಧಾಟಿಯ ಅಸ್ಥಿಯನ್ನೂ ಕೊಡಲಿ. ಬಳುಕನ್ನು ಕಂಠವೇ ಕೊಡುವುದು.

ಈಗ ಅಲಂಕಾರಗಳ ವಿಷಯ. ಅನೇಕ ಕೀಬೋರ್ಡುಗಳಲ್ಲಿ ರಿವರ್ಬ್ ಎಂಬ ಕೃತಕ ಅನುರಣನವು, ಯಾರೂ ಕೇಳದಿದ್ದರೂ, ಮೊದಲೇ ಹಚ್ಚಿರುವುದು. ದೊಡ್ಡ ಕಲ್ಲಿನ ಮಂದಿರದಲ್ಲಿ ಹಾಡಿದ ಸ್ವರವು ನಿಂತ ಮೇಲೂ ಗುಂಯ್ಗುಡುವಂತೆ ಇದು ಮಾಡುವುದು. ಕೇಳುವುದಕ್ಕೆ ಇಂಪು, ಆದರೆ ಹಾಡಿನ ಪದಗಳಿಗೆ ಮೃತ್ಯು. ೧೮೯೫ರಲ್ಲಿ ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದರಲ್ಲಿ ಯಾರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ. ವಾಲೇಸ್ ಸ್ಯಾಬೈನ್ ಎಂಬ ತರುಣ ಅಧ್ಯಾಪಕರು ಪರೀಕ್ಷಿಸಿದಾಗ, ಆಡಿದ ಒಂದು ಶಬ್ದವು ಐದೂವರೆ ಸೆಕೆಂಡುಗಳ ಕಾಲ ಕೇಳುತ್ತಲೇ ಇರುವುದು ಗೊತ್ತಾಯಿತು. ಅಷ್ಟರಲ್ಲಿ ಹತ್ತಾರು ಶಬ್ದಗಳು ಒಂದರ ಮೇಲೊಂದು ಬಿದ್ದು ಗದ್ದಲವಾಗುತ್ತಿದ್ದುವು. ಅವರು ನೆರೆಯ ನಾಟಕಮಂದಿರದಿಂದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಮೆತ್ತೆಗಳು ಹೆಚ್ಚಿದಂತೆ ಅನುರಣನವು ಎಷ್ಟೆಷ್ಟು ಕುಗ್ಗುವುದೆಂದು ಅಳೆದು, ಅದಕ್ಕೊಂದು ಸೂತ್ರವನ್ನೇ ಕಂಡುಹಿಡಿದರು. ೧೯೦೦ರಲ್ಲಿ ತೆರೆದ ಬಾಸ್ಟನ್ನಿನ ಪ್ರಸಿದ್ಧ ಸಂಗೀತಮಂದಿರವು ಆ ಜ್ಞಾನದಿಂದಲೇ ಕಟ್ಟಲ್ಪಟ್ಟಿತು.

ಶಾಲೆಯ ಸಭಾಂಗಣಗಳು ಹೇಗಿರುವುವು? ಸುಣ್ಣ ಬಳಿದ ಬರಿಗೋಡೆ, ಕಲ್ಲಿನ ಅಥವಾ ಸಿಮೆಂಟಿನ ನೆಲ, ತೆರೆಗಳಿಲ್ಲದ ಕಿಟಕಿ. ಆ ಕೋಣೆಯಲ್ಲಿಯೇ ಬೇಕಾದಷ್ಟು ಮಾರ್ದನಿಯಿರುವಾಗ ಯಂತ್ರದಿಂದ ಇನ್ನಷ್ಟು ತಂದು ಸುರಿಯುವುದು, ತುಂಬಿದ ಕೊಡದ ಮೇಲೆ ನೀರು ಹೊಯ್ದಂತೆ. ಅಂಥ ಕಡೆಯಲ್ಲಿ ರಿವರ್ಬನ್ನು ಪೂರ್ಣವಾಗಿ ತೆಗೆದುಹಾಕುವುದೇ ಮೇಲು. ಬಯಲಿನಲ್ಲಿ ಶಾಮಿಯಾನದ ಕೆಳಗೆ ಕಾರ್ಯಕ್ರಮವಾದರೆ ಸ್ವಲ್ಪ ಕೂಡಿಸಬಹುದು. ಅಲ್ಲಿ ಧ್ವನಿಯು ಹಿಂದಿರುಗದೆ ಒಣಗಿದಂತೆ ಕೇಳುವುದು. ಇನ್ನೊಂದು ಮಾತನ್ನು ನೆನಪಿಡಬೇಕು: ಬೆಳಗ್ಗೆ ಬರಿದಾದ ಅಂಗಣದಲ್ಲಿ ಸರಿಯೆನಿಸಿದ ಅಳತೆಯು ಸಂಜೆ ಜನರು ತುಂಬಿದಾಗ ಸರಿಯೆನಿಸದು. ಸೀರೆ ಶಾಲುಗಳನ್ನು ಧರಿಸಿ ಕುಳಿತ ಮನುಷ್ಯರು ಸ್ಯಾಬೈನರ ಮೆತ್ತೆಗಳಂತೆಯೇ ಧ್ವನಿಯನ್ನು ಹೀರಿಕೊಳ್ಳುತ್ತಾರೆ. ಆದುದರಿಂದ ಸಂಜೆ ಮತ್ತೊಮ್ಮೆ ಕೇಳಿ ತಿದ್ದಬೇಕು.

ಕೋರಸ್ ಎಂಬ ಇನ್ನೊಂದು ಅಲಂಕಾರವು ಒಂದೇ ಸ್ವರಕ್ಕೆ, ತುಸು ತಡವಾಗಿಯೂ ತುಸು ಏರಿಳಿದೂ ಬರುವ ನೆರಳುಗಳನ್ನು ಕೂಡಿಸಿ, ಹಲವು ವಾದ್ಯಗಳು ನುಡಿದ ಭ್ರಮೆಯನ್ನು ಉಂಟುಮಾಡುವುದು. ವಾದ್ಯವೊಂದನ್ನೇ ನುಡಿಸುವಾಗ ಇದು ಸೊಗಸು. ಆದರೆ ಹಾಡನ್ನು ಎತ್ತಿಕೊಡುವಾಗ ಇದನ್ನು ಹಚ್ಚಿದರೆ, ಸ್ವರದ ಅಂಚೇ ಮಸುಕಾಗಿ ಯಾವ ಶ್ರುತಿಯನ್ನು ಹಿಡಿಯಬೇಕೆಂಬುದು ಮಕ್ಕಳಿಗೆ ತಿಳಿಯದು. ಶ್ರುತಿ ಕೊಡುವುದಕ್ಕೆ ಅಲಂಕಾರವಿಲ್ಲದ ಪಿಯಾನೋ ಧ್ವನಿಯೇ ಉತ್ತಮ. ವೇದಿಕೆಯ ಕೀಬೋರ್ಡುಗಳಲ್ಲಿ ಅನೇಕವಕ್ಕೆ ಸ್ವಂತ ಸ್ಪೀಕರುಗಳಿಲ್ಲ. ಧ್ವನಿಯೆಲ್ಲವೂ ಸಭೆಯ ಕಡೆಗಿರುವ ಪೆಟ್ಟಿಗೆಗಳಿಗೆ ಹೋಗುವುದರಿಂದ ಹಿಂದೆ ನಿಂತ ಹುಡುಗಿಯರಿಗೆ ಅದು ಕೇಳುವುದೇ ಇಲ್ಲ. ಅವರ ಕಡೆಗೂ ಒಂದು ಸ್ಪೀಕರನ್ನು ತಿರುಗಿಸಿಡದೆ “ಶ್ರುತಿ ಸೇರುವುದಿಲ್ಲ” ಎಂದು ಗದರಿಸುವುದು ಯಾವ ನ್ಯಾಯ? ೧೯೯೭ರಿಂದ ಈಚೆಗೆ ಹಾಡುವವರ ಸ್ವರವನ್ನೇ ತಿದ್ದಿ ಸರಿಪಡಿಸುವ ಆಟೋ-ಟ್ಯೂನ್ ಎಂಬ ಯಂತ್ರೋಪಾಯವೂ ಬಂದಿದೆ. ವ್ಯಾಪಾರದ ಧ್ವನಿಮುದ್ರಣಗಳಲ್ಲಿ ಅದು ಏನಾದರೂ ಇರಲಿ. ಕಲಿಯುವ ಕಂಠಕ್ಕೆ ಅದನ್ನು ತೊಡಿಸತಕ್ಕದ್ದಲ್ಲ. ನಿನ್ನ ದನಿಯು ಇದ್ದಂತೆ ಸಲ್ಲದೆಂದು ಹುಡುಗಿಗೆ ಕಲಿಸುವುದಕ್ಕೆ ಅದಕ್ಕಿಂತ ಸುಲಭವಾದ ದಾರಿಯಿಲ್ಲ.

ಕಡೆಯದಾಗಿ, ಈ ಗುಂಡಿಗಳ ಮೇಲೆ ಯಾರ ಕೈಯಿರಬೇಕು? ಉತ್ಸವದ ದಿನ ಬಾಡಿಗೆಗೆ ಬಂದ ಒಬ್ಬ ಗೃಹಸ್ಥರು ವಾದ್ಯದ ಬಳಿ ನಿಲ್ಲುವುದೂ, ಹುಡುಗಿಯರಿಗೆ “ಮುಟ್ಟಬೇಡಿರಿ, ಕೆಟ್ಟುಹೋದೀತು” ಎಂದು ಹೇಳುವುದೂ ಅನೇಕ ಕಡೆಗಳಲ್ಲಿ ವಾಡಿಕೆಯಾಗಿದೆ. ಹಾಡುವವರು ಬಾಲಿಕೆಯರು, ಅವರ ಕಂಠದ ಹದವನ್ನು ಬಲ್ಲವರೂ ಅವರೇ. ಯಂತ್ರವು ಹೆಂಗಸರಿಗೆ ಒಗ್ಗದೆಂಬ ಮಾತು ಚರಿತ್ರೆಯ ಮುಂದೆ ನಿಲ್ಲದು. ೧೯೫೮ರಲ್ಲಿ ಬ್ರಿಟಿಷ್ ರೇಡಿಯೋ ಸಂಸ್ಥೆಯಾದ ಬಿಬಿಸಿಯಲ್ಲಿ ವಿದ್ಯುತ್ ಧ್ವನಿಗಳ ಕಾರ್ಯಶಾಲೆಯನ್ನು ಹುಟ್ಟುಹಾಕಿದವರಲ್ಲಿ ಡಾಫ್ನಿ ಓರಮ್ ಎಂಬ ಮಹಿಳೆ ಒಬ್ಬರು. ಸ್ಟುಡಿಯೋ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂದು ಒಂದು ಕಂಪೆನಿಯಿಂದ ಉತ್ತರ ಪಡೆದ ಡೆಲಿಯಾ ಡರ್ಬಿಶೈರ್ ಎಂಬವರು ಅದೇ ಕಾರ್ಯಶಾಲೆಗೆ ಸೇರಿ, ೧೯೬೩ರಲ್ಲಿ ರಚಿಸಿದ ಧ್ವನಿಕೃತಿಯೊಂದರಿಂದ ಲೋಕಪ್ರಸಿದ್ಧರಾದರು. ನಮ್ಮ ದೇಶದಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿ ಮೂಗ್ ಎಂಬ ವಿದ್ಯುತ್ ವಾದ್ಯವನ್ನು ಸ್ಥಾಪಿಸಿದಾಗ, ಅದರಲ್ಲಿ ಸಂಗೀತ ರಚಿಸಿದವರಲ್ಲಿ ಗೀತಾ ಸಾರಾಭಾಯಿಯವರೂ ಇದ್ದರು. ನಮ್ಮ ಹುಡುಗಿಯರಿಗೆ ಶ್ರುತಿಯ ಗುಂಡಿಯನ್ನು ತಿದ್ದುವುದು ಅಸಾಧ್ಯವೇ? ಎಂಟನೆಯ ತರಗತಿಯಿಂದ ಮೇಲೆ ಪ್ರತಿ ತರಗತಿಗೆ ಇಬ್ಬರನ್ನು ಈ ಕೆಲಸಕ್ಕೆ ತರಬೇತು ಮಾಡಿದರೆ ಶಾಲೆಗೆ ಬಾಡಿಗೆಯ ಖರ್ಚೂ ಉಳಿಯುವುದು, ಕಂಪನ, ಅನುರಣನ ಮೊದಲಾದ ಭೌತಶಾಸ್ತ್ರದ ಪಾಠಗಳು ಪುಸ್ತಕದಿಂದ ಹೊರಗೆ ಬಂದು ಕೈಗೂ ಕಿವಿಗೂ ಸಿಕ್ಕುವುವು.

ಮಾತಾಪಿತೃಗಳಲ್ಲಿ ನಮ್ಮ ವಿನಂತಿಯೇನೆಂದರೆ: ಮಗಳು ಮನೆಗೆ ಬಂದು “ನನ್ನನ್ನು ಹಾಡಿನ ಸಾಲಿನಿಂದ ತೆಗೆದರು” ಎಂದರೆ, ಅವಳಿಗೆ ಸ್ವರವಿಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಮುಂಚೆ ಹಾಡನ್ನು ಯಾವ ಮನೆಯಲ್ಲಿ ಎತ್ತಿಕೊಟ್ಟಿದ್ದರೆಂದು ವಿಚಾರಿಸಿರಿ. ಪೂರ್ವ ವಿದ್ಯಾರ್ಥಿನಿಯರಲ್ಲಿ ಸಂಗೀತ ಬಲ್ಲವರು ಶಾಲೆಗೆ ಬಂದು ಒಂದೆರಡು ಗಂಟೆಗಳ ಕಾಲವನ್ನು ಈ ಕೆಲಸಕ್ಕೆ ಕೊಟ್ಟರೆ ಅದು ಹೊಸ ವಾದ್ಯವೊಂದನ್ನು ದಾನ ಮಾಡಿದ್ದಕ್ಕಿಂತ ಕಡಿಮೆಯಾದ ಉಪಕಾರವಲ್ಲ. ಇನ್ನು ತಮಗೆ ಸ್ವರವಿಲ್ಲವೆಂದು ಇಷ್ಟು ವರ್ಷ ನಂಬಿಕೊಂಡು ಬಂದ ಸಹೋದರಿಯರಿಗೂ ಒಂದು ಮಾತು. ಮನೆಯಲ್ಲಿ ಮಕ್ಕಳ ಕೀಬೋರ್ಡು ಇದ್ದರೆ, ತಾವು ಬಲ್ಲ ಒಂದು ಹಾಡನ್ನು ಮೂರು ನಾಲ್ಕು ಮನೆ ತಗ್ಗಿಸಿ ಒಮ್ಮೆ ಹಾಡಿ ನೋಡಬೇಕು. ಇಷ್ಟು ವರ್ಷ ತಮಗಿಲ್ಲವೆಂದುಕೊಂಡಿದ್ದ ಕಂಠವು ಅಲ್ಲಿಯೇ ಕಾದುಕೊಂಡಿರುವುದನ್ನು ಅನೇಕರು ಕಾಣುವರೆಂದು ನಮಗೆ ದೃಢವಾದ ನಂಬಿಕೆಯುಂಟು.